ಸೈನ್ಯಕ್ಕೂ ಸಂತೆಗೂ ಒಂದೇ ಕಾರ್ಖಾನೆ: ಒಂದು ವಿಮರ್ಶೆ

ರಕ್ಷಣಾ ಸಾಮಗ್ರಿಯನ್ನು ತಯಾರಿಸುವ ಕಾರ್ಖಾನೆಯು ಅದೇ ಯಂತ್ರಗಳಿಂದ, ಅದೇ ಕುಶಲತೆಯಿಂದ ನಾಗರಿಕ ಮಾರುಕಟ್ಟೆಯನ್ನೂ ಸುಲಭವಾಗಿ ಪ್ರವೇಶಿಸಬಲ್ಲುದೆಂಬ ವಾದವು ಬಹುವಾಗಿ ಕೇಳಿಬರುತ್ತಿದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಗೊಂಡ ಮೇಲೆ, ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಬಂಡವಾಳ ಹೂಡುವವರಿಗೆ ಇದು ಕೇವಲ ಪಂಡಿತರ ಚರ್ಚೆಯಲ್ಲ. ಆದುದರಿಂದ ಈ ವಾದವನ್ನು ನಮ್ಮ ನಾಡಿನ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್, ಮೂಲತಃ ಸೈನ್ಯದ ಅಗತ್ಯಕ್ಕಾಗಿ ಹುಟ್ಟಿದ ಸಂಸ್ಥೆ. ಅದು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ, 1964ರಲ್ಲಿ ಆಕಾಶವಾಣಿಗಾಗಿ ಪ್ರಸಾರಯಂತ್ರಗಳನ್ನೂ ತಯಾರಿಸತೊಡಗಿತು. ಮುಂದೆ ಚುನಾವಣಾ ಆಯೋಗಕ್ಕೆ ಮತಯಂತ್ರಗಳನ್ನು ಒದಗಿಸಿತು. 2004ರ ಲೋಕಸಭಾ ಚುನಾವಣೆಯಲ್ಲಿ 543 ಕ್ಷೇತ್ರಗಳಲ್ಲಿಯೂ ಮತಯಂತ್ರಗಳು ಬಳಕೆಯಾದವು. 2020ರ ಸಾಂಕ್ರಾಮಿಕದ ಕಾಲದಲ್ಲಿ, ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ, 30,000 ಕೃತಕ ಉಸಿರಾಟ ಯಂತ್ರಗಳ ಬೇಡಿಕೆಯನ್ನು ವಹಿಸಿಕೊಂಡಿತು.

ಇವೆಲ್ಲವೂ ಶ್ಲಾಘ್ಯವೇ. ಆದರೆ ಕೊಂಡವರಾರು ಎಂದು ಕೇಳಿದೊಡನೆ ವಾದದ ದೌರ್ಬಲ್ಯವು ಬಯಲಾಗುತ್ತದೆ. ಆಕಾಶವಾಣಿ, ಚುನಾವಣಾ ಆಯೋಗ, ಆರೋಗ್ಯ ಇಲಾಖೆ, ಎಲ್ಲವೂ ಸರ್ಕಾರದ ಅಂಗಗಳೇ. ವಾಲ್ವು, ಟ್ರಾನ್ಸಿಸ್ಟರುಗಳನ್ನು ಖಾಸಗಿ ರೇಡಿಯೋ ತಯಾರಕರೂ ಕೊಂಡರೆಂಬುದು ನಿಜ; ಆದರೆ ಅದು ಆಮದು ನಿರ್ಬಂಧವು ದೇಶೀಯ ತಯಾರಕನಿಗೆ ಬೇಲಿಯಾಗಿದ್ದ ಕಾಲ. ಬೇಲಿಯಿಲ್ಲದ ಬಯಲಿನಲ್ಲಿ ಏನಾಯಿತೆಂಬುದಕ್ಕೆ ಸಿಂಪ್ಯೂಟರ್ ನಿದರ್ಶನ. ಬೆಂಗಳೂರಿನ ವಿಜ್ಞಾನಿಗಳು ರೂಪಿಸಿದ ಈ ಅಗ್ಗದ ಕೈಗಣಕವನ್ನು ಇದೇ ಸಂಸ್ಥೆ ತಯಾರಿಸಿ, 2004ರಲ್ಲಿ ಮಾರುಕಟ್ಟೆಗೆ ತಂದಿತು. ಯಂತ್ರವು ಯೋಗ್ಯವಾಗಿತ್ತು, ಮಾರಾಟವು ನಿರೀಕ್ಷೆಯನ್ನು ಮುಟ್ಟಲಿಲ್ಲ.

ಕಾರಣವು ಕುಶಲತೆಯ ಕೊರತೆಯಲ್ಲವೆಂದು ನಾವು ಭಾವಿಸುತ್ತೇವೆ. ಸೈನ್ಯವು ಕೇಳುವುದು ಕಟ್ಟುನಿಟ್ಟಾದ ಪರೀಕ್ಷೆಯನ್ನು, ದೀರ್ಘ ಬಾಳಿಕೆಯನ್ನು. ಅದಕ್ಕೆ ತಗಲುವ ವೆಚ್ಚವನ್ನೂ ಕಾಲವನ್ನೂ ಅದು ಸಹಿಸುತ್ತದೆ. ಸಂತೆಯು ಕೇಳುವುದು ಬೆಲೆಯನ್ನು, ಬೇಗನೆ ಬರುವ ಹೊಸ ಮಾದರಿಯನ್ನು, ಊರೂರಿನ ದುರಸ್ತಿ ಅಂಗಡಿಯನ್ನು. ಒಂದೇ ಯಂತ್ರವು ಎರಡಕ್ಕೂ ದುಡಿಯಬಹುದು. ಒಂದೇ ಲೆಕ್ಕಪುಸ್ತಕವು ಎರಡಕ್ಕೂ ಒದಗದು.

ಆದುದರಿಂದ ಜಾಲಹಳ್ಳಿಯ ಚರಿತ್ರೆಯನ್ನು ಮಾರುಕಟ್ಟೆಯ ಗೆಲುವೆನ್ನುವುದಕ್ಕಿಂತ, ಸರ್ಕಾರವೆಂಬ ಗ್ರಾಹಕನ ಎರಡನೆಯ ಬಾಗಿಲನ್ನು ತೆರೆದ ಸಾಧನೆಯೆನ್ನುವುದು ಸಮಂಜಸ. ರಕ್ಷಣಾ ಬೇಡಿಕೆಯನ್ನು ನಂಬಿ ಸಾಲ ಮಾಡಿ ಯಂತ್ರ ಕೊಳ್ಳಹೊರಟ ಹಿರೇಹಳ್ಳಿಯ ಉದ್ಯಮಿಯು, ಆ ಬೇಡಿಕೆ ನಿಂತ ವರ್ಷ ತನ್ನ ಸರಕನ್ನು ಕೊಳ್ಳುವವರಾರೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.