ಬರೆಯುವವರು ಸಾವಿರ, ಓದುವವರು ಎಷ್ಟು?

ಅಮೆರಿಕದ ಕಾಲೇಜಿಗೆ ಸೇರಿದವರು ಎಂಜಿನಿಯರಿಂಗ್ ಓದಲಿ, ನರ್ಸಿಂಗ್ ಓದಲಿ, ಸಂಗೀತ ಓದಲಿ, ಮೊದಲ ವರ್ಷದಲ್ಲಿ ಬಹುತೇಕ ಎಲ್ಲರೂ ದಾಟಲೇಬೇಕಾದ ಕೋರ್ಸ್ ಒಂದಿದೆ. ಟೆಕ್ಸಸ್‌ನಲ್ಲಿ ಅದು ಇಂಗ್ಲಿಷ್ 1301, ಫ್ಲಾರಿಡಾದಲ್ಲಿ ಇಎನ್‌ಸಿ 1101, ಎಷ್ಟೋ ಕಡೆ ಬರೀ ಇಂಗ್ಲಿಷ್ 101. ಇದು ಸಾಹಿತ್ಯದ ಪಾಠವಲ್ಲ, ಬರೆಯಲು ಕಲಿಸುವ ಪಾಠ. ಮೂರು ಕ್ರೆಡಿಟ್, ಒಂದು ಸೆಮಿಸ್ಟರ್, ನಾಲ್ಕೈದು ಪ್ರಬಂಧ. ಹಾರ್ವರ್ಡ್ ವಿಶ್ವವಿದ್ಯಾಲಯ 1885ರಲ್ಲಿ ‘ಇಂಗ್ಲಿಷ್ ಎ’ ಎಂಬ ಹೆಸರಿನಲ್ಲಿ ಹೊಸಬರಿಗೆ ಕಡ್ಡಾಯ ಮಾಡಿದ ಪಾಠದಿಂದ ಈ ಪದ್ಧತಿ ದೇಶದ ತುಂಬ ಹಬ್ಬಿತು. ಈಗ ಅದೇ ಕೋರ್ಸನ್ನು ಲಕ್ಷಾಂತರ ಮಂದಿ ತರಗತಿಗೆ ಕಾಲಿಡದೆ, ಮನೆಯಲ್ಲೇ ಕೂತು ಮುಗಿಸುತ್ತಾರೆ.

ಕನ್ನಡದ ಮನೆಗಳಿಗೂ ಇದು ದೂರದ ಮಾತಲ್ಲ. ಡಲ್ಲಾಸ್, ಆಸ್ಟಿನ್ ಕಡೆ ಹೈಸ್ಕೂಲಿನಲ್ಲಿ ಓದುವ ನಮ್ಮವರ ಮಕ್ಕಳು ಹೈಸ್ಕೂಲಿಗೂ ಕಾಲೇಜಿಗೂ ಸಲ್ಲುವ ‘ಡ್ಯುಯಲ್ ಕ್ರೆಡಿಟ್’ ಲೆಕ್ಕದಲ್ಲಿ ಇದೇ 1301 ತೆಗೆದುಕೊಳ್ಳುವುದುಂಟು. ಎಚ್-4 ವೀಸಾದ ಮೇಲೆ ಗಂಡ ಅಥವಾ ಹೆಂಡತಿಯ ಜೊತೆ ಹೋದವರು ಕೆಲಸಕ್ಕೆ ಅನುಮತಿ ಇಲ್ಲದಿದ್ದರೂ ಓದಬಹುದು. ಹತ್ತಿರದ ಕಮ್ಯೂನಿಟಿ ಕಾಲೇಜಿಗೆ ಪದವಿಗಾಗಿ ಸೇರಿದರೆ ಎದುರಾಗುವ ಮೊದಲ ಕೋರ್ಸುಗಳಲ್ಲಿ ಇದೂ ಒಂದು. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಮಾತ್ರ ಒಂದು ಮಿತಿ ಇದೆ: ಒಂದು ಸೆಮಿಸ್ಟರಿನ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಹಿಡಿಯುವುದು ಒಂದೇ ಒಂದು ಆನ್‌ಲೈನ್ ತರಗತಿಯನ್ನು.

ಹಾಗಾದರೆ ಆನ್‌ಲೈನಿನಲ್ಲಿ ಬರವಣಿಗೆ ಕಲಿಯಲು ಸಾಧ್ಯವೇ? ಖಂಡಿತ ಸಾಧ್ಯ. ಬೇರೆ ಯಾವ ವಿಷಯಕ್ಕಿಂತ ಬರವಣಿಗೆಗೆ ಈ ಮಾಧ್ಯಮ ಹೆಚ್ಚು ಒಗ್ಗುತ್ತದೆ ಎಂದೇ ಹೇಳಬೇಕು. ಇಲ್ಲಿ ಪ್ರಶ್ನೆ ಕೇಳುವುದೂ ಬರೆದೇ, ಗೆಳೆಯನ ವಾದವನ್ನು ಒಪ್ಪದಿರುವುದೂ ಬರೆದೇ. ತರಗತಿಯಲ್ಲಿ ಉಚ್ಚಾರಣೆಗೆ ಅಂಜಿ ಕೈ ಎತ್ತದ ಹುಡುಗಿ ಇಲ್ಲಿ ಎರಡು ಗಂಟೆ ಯೋಚಿಸಿ, ಅಳಿಸಿ, ಮತ್ತೆ ಬರೆದು ಉತ್ತರ ಕೊಡಬಹುದು. ರಾತ್ರಿ ಪಾಳಿ ಮುಗಿಸಿ ಬಂದವರು ತಮ್ಮ ಹೊತ್ತಿಗೆ ಓದಬಹುದು. ಇಷ್ಟೆಲ್ಲ ಅನುಕೂಲ ಕೈಯಲ್ಲಿದ್ದೂ ಹೆಚ್ಚಿನ ಕಾಲೇಜುಗಳು ಅದನ್ನು ವ್ಯರ್ಥ ಮಾಡುತ್ತಿವೆ ಎಂಬುದೇ ಈ ಲೇಖನದ ತಕರಾರು.

ವ್ಯರ್ಥವಾಗುವುದು ಹೇಗೆಂದು ನೋಡಲು ಕೋರ್ಸಿನ ಚರ್ಚಾಪುಟವಾದ ಡಿಸ್ಕಷನ್ ಬೋರ್ಡ್ ತೆರೆದರೆ ಸಾಕು. ಕಾಲೇಜು ಬಳಸುವ ತಂತ್ರಾಂಶ ಕ್ಯಾನ್ವಾಸ್ ಇರಲಿ, ಬ್ಲ್ಯಾಕ್‌ಬೋರ್ಡ್ ಇರಲಿ, ನಿಯಮ ಹೆಚ್ಚು ಕಡಿಮೆ ಒಂದೇ: ವಾರದ ನಡುವೆ ಒಂದು ದಿನ ರಾತ್ರಿ 11:59ರೊಳಗೆ 250 ಪದದ ಒಂದು ಪೋಸ್ಟ್, ಭಾನುವಾರದೊಳಗೆ ಇಬ್ಬರು ಸಹಪಾಠಿಗಳಿಗೆ ಉತ್ತರ. ಬರುವ ಉತ್ತರಗಳೂ ಒಂದೇ ಥರ. ‘ನಿಮ್ಮ ಪೋಸ್ಟ್ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ, ನನಗೂ ಹೀಗೇ ಅನ್ನಿಸಿತ್ತು.’ ಹೀಗೆ ಬರೆದವರನ್ನು ಸೋಮಾರಿಗಳು ಎನ್ನುವುದು ತಪ್ಪು. ಅವರನ್ನು ಕೇಳಿದ್ದೇ ಅಷ್ಟು. ಅದೇ ಜಾಗದಲ್ಲಿ ‘ನಿಮ್ಮ ಸಹಪಾಠಿಯ ಕರಡಿನಲ್ಲಿ ಪುರಾವೆ ಇಲ್ಲದೆ ನಿಂತಿರುವ ಒಂದು ವಾಕ್ಯ ಹುಡುಕಿ, ಅದನ್ನು ಒಪ್ಪದ ಓದುಗರು ಏನು ಕೇಳುತ್ತಾರೆ ಎಂದು ಬರೆಯಿರಿ’ ಎಂದು ಕೇಳಿದ್ದರೆ ಅವರೇ ಬೇರೆ ರೀತಿ ಓದುತ್ತಿದ್ದರು. ಪ್ರಶ್ನೆ ರೂಪಿಸಲು ಹತ್ತು ನಿಮಿಷ ಹೆಚ್ಚು ಬೇಕು, ಬಂದ ಉತ್ತರಗಳನ್ನು ಓದಲು ಹತ್ತು ಗಂಟೆ ಹೆಚ್ಚು ಬೇಕು. ಸಮಸ್ಯೆ ಇರುವುದು ಆ ಹತ್ತು ಗಂಟೆಯಲ್ಲಿ.

ಓದುವವರ ಕೊರತೆ ಎಷ್ಟು ದೊಡ್ಡದೆಂದು 2013ರಲ್ಲಿ ಜಗತ್ತೇ ನೋಡಿತು. ಸಾವಿರಾರು ಜನ ಒಟ್ಟಿಗೆ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸುಗಳ, ಅಂದರೆ ‘ಮೂಕ್’ಗಳ ಉತ್ಸಾಹ ಉತ್ತುಂಗದಲ್ಲಿದ್ದ ವರ್ಷ ಅದು. ಗೇಟ್ಸ್ ಫೌಂಡೇಷನ್ ಅನುದಾನದಿಂದ ಕೆಲವು ವಿಶ್ವವಿದ್ಯಾಲಯಗಳು ಮೊದಲ ವರ್ಷದ ಈ ಬರವಣಿಗೆ (ಕಾಂಪೊಸಿಷನ್) ಕೋರ್ಸನ್ನು ಕೋರ್ಸೆರಾ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟವು. ಡ್ಯೂಕ್ ವಿಶ್ವವಿದ್ಯಾಲಯದ ಡೆನಿಸ್ ಕೋಮರ್ ರೂಪಿಸಿದ 12 ವಾರಗಳ ಕೋರ್ಸ್ ಅವುಗಳಲ್ಲಿ ಎದ್ದು ಕಾಣುವಂಥದ್ದು. ವಿಷಯ ‘ಪರಿಣತಿ’, ಒಬ್ಬರು ಒಂದು ಕೆಲಸದಲ್ಲಿ ನುರಿತವರಾಗುವುದು ಹೇಗೆ ಎಂಬ ಒಂದೇ ಎಳೆಯ ಸುತ್ತ ನಾಲ್ಕು ಬರಹಗಳು. ಮೊದಲು ಒಂದು ಓದಿನ ವಿಮರ್ಶೆ, ಆಮೇಲೆ ಒಂದು ಚಿತ್ರದ ವಿಶ್ಲೇಷಣೆ, ನಂತರ ಪರಿಣತಿಯ ಕುರಿತ ಒಂದು ಕೇಸ್ ಸ್ಟಡಿ, ಕೊನೆಗೆ ಪತ್ರಿಕೆಗೆ ಕಳಿಸಬಹುದಾದ ಅಭಿಪ್ರಾಯ ಲೇಖನ. ಪ್ರತಿ ಬರಹಕ್ಕೂ ಕರಡು, ಸಹಪಾಠಿಗಳ ಪ್ರತಿಕ್ರಿಯೆ, ಮರುಬರಹ.

ಪಠ್ಯಕ್ರಮವಾಗಿ ಇದು ಗಟ್ಟಿ ಕೆಲಸ. ಒಂದೇ ವಿಷಯವನ್ನು ನಾಲ್ಕು ಬಗೆಯ ಓದುಗರಿಗೆ ಬರೆಯುವಾಗ ಬರಹಗಾರ ತನ್ನ ದನಿಯನ್ನು ಹೇಗೆ ಬದಲಿಸಬೇಕು ಎಂಬುದನ್ನು ಅದು ಮಾಡಿಸಿಯೇ ಕಲಿಸುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟಿನಲ್ಲಿ ಒಂದೇ ಏಟಿಗೆ ಪ್ರಬಂಧ ಬರೆದು ಎಸ್ಸೆಸ್ಸೆಲ್ಸಿ ದಾಟಿದ ಕನ್ನಡಿಗರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಅಮೆರಿಕದ ಹೈಸ್ಕೂಲುಗಳಲ್ಲೂ ಐದು ಪ್ಯಾರಾಗಳ ಅಂಥದೇ ಅಚ್ಚು ಇದೆ. ಅದನ್ನು ಮುರಿದು ಹೊರಬರುವಂತೆ ಮಾಡುವುದೇ ಕಾಲೇಜಿನ ಈ ಕೋರ್ಸಿನ ನಿಜವಾದ ಕೆಲಸ.

ಆದರೆ ಡ್ಯೂಕ್ ಕೋರ್ಸಿಗೆ ಹೆಸರು ಕೊಟ್ಟವರು 80 ಸಾವಿರಕ್ಕೂ ಹೆಚ್ಚು, ಮುಗಿಸಿ ಪ್ರಮಾಣಪತ್ರ ಪಡೆದವರು 1,300ರೊಳಗೆ. ಜಾರ್ಜಿಯಾ ಟೆಕ್‌ನಲ್ಲಿ ಕರೆನ್ ಹೆಡ್ ಮತ್ತು ಅವರ ತಂಡ ನಡೆಸಿದ ಇಂಥದೇ ಕೋರ್ಸಿಗೆ 20 ಸಾವಿರಕ್ಕೂ ಹೆಚ್ಚು ಜನ ಸೇರಿ, 250ಕ್ಕೂ ಕಡಿಮೆ ಮಂದಿ ಮುಗಿಸಿದರು. ಉಚಿತ ಕೋರ್ಸುಗಳಿಗೆ ಸುಮ್ಮನೆ ಹೆಸರು ಕೊಡುವವರು ಬಹಳ, ಆದ್ದರಿಂದ ಈ ಅಂಕಿಗಳನ್ನಷ್ಟೇ ಹಿಡಿದು ತೀರ್ಪು ಕೊಡುವುದು ನ್ಯಾಯವಲ್ಲ. ಹೆಚ್ಚು ಮುಖ್ಯವಾದದ್ದು ಬೇರೆ. ಅಷ್ಟು ಜನರ ಬರಹವನ್ನು ಓದಲು ಮೇಷ್ಟ್ರುಗಳೇ ಇರಲಿಲ್ಲ. ಸಹಪಾಠಿಗಳೇ ರೂಬ್ರಿಕ್ ಎಂಬ ಮಾನದಂಡಗಳ ಪಟ್ಟಿ ಹಿಡಿದು ಪರಸ್ಪರ ಅಂಕ ಹಾಕಿದರು. ಓದುವ ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಸಡಿಲ ವಾದವನ್ನು ಬರೆದವನಿಗೂ ಗುರುತಿಸಲಾಗಲಿಲ್ಲ, ಓದಿದವನಿಗೂ ಗುರುತಿಸಲಾಗಲಿಲ್ಲ ಎಂದಾದರೆ ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ.

ಒಬ್ಬ ನುರಿತ ಓದುಗ ಮಾಡುವ ವ್ಯತ್ಯಾಸ ಎಂಥದ್ದು? ಒಬ್ಬ ವಿದ್ಯಾರ್ಥಿ ‘ನಮ್ಮ ಊರಿನ ಬಸ್ ವ್ಯವಸ್ಥೆ ಸರಿಯಿಲ್ಲದ್ದರಿಂದ ಬಡವರಿಗೆ ಕಷ್ಟವಾಗುತ್ತಿದೆ’ ಎಂದು ಬರೆದ ಎಂದಿಟ್ಟುಕೊಳ್ಳೋಣ. ಒಂದು ಟಿಪ್ಪಣಿ ‘ಇನ್ನಷ್ಟು ವಿವರಿಸಿ’ ಎನ್ನುತ್ತದೆ. ಇನ್ನೊಂದು ಹೀಗಿರುತ್ತದೆ: ‘ಎರಡನೇ ಪ್ಯಾರಾದಲ್ಲಿ ನಿಮ್ಮ ತಾಯಿ ಆಸ್ಪತ್ರೆಯ ಪಾಳಿ ಮುಗಿಸಿ ಬರುವಷ್ಟರಲ್ಲಿ ಕೊನೆಯ ಬಸ್ ಹೋಗಿರುತ್ತಿತ್ತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ವಾದ ಇರುವುದೇ ಅಲ್ಲಿ. ಕೊನೆಯ ಬಸ್ ಎಷ್ಟು ಗಂಟೆಗೆ? ಆ ಪಾಳಿ ಮುಗಿಯುವುದು ಎಷ್ಟಕ್ಕೆ? ನಗರಸಭೆಯ ಸದಸ್ಯರೊಬ್ಬರು ಇದನ್ನು ಓದಿದರೆ ಮೊದಲು ಏನು ಕೇಳಬಹುದು?’ ಮೊದಲನೆಯದು ಯಾವ ಪ್ರಬಂಧದ ಮೇಲೆ ಬೇಕಾದರೂ ಕೂರುತ್ತದೆ. ಎರಡನೆಯದು ಈ ಪ್ರಬಂಧಕ್ಕೆ ಮಾತ್ರ ಸೇರಿದ್ದು. ಹಾರ್ವರ್ಡ್‌ನಲ್ಲಿ ಬರವಣಿಗೆ ಕಲಿಸಿದ ನ್ಯಾನ್ಸಿ ಸಾಮರ್ಸ್ 1982ರಲ್ಲೇ, ಅಂದರೆ ಇಂಟರ್ನೆಟ್ ಜನರ ಕೈಗೆ ಬರುವ ಮುಂಚೆಯೇ, ಶಿಕ್ಷಕರ ಟಿಪ್ಪಣಿಗಳಲ್ಲಿ ಬಹುಪಾಲು ಮೊದಲನೆಯ ಜಾತಿಯವು ಎಂದು ತೋರಿಸಿದ್ದರು. ರೋಗ ಹಳೆಯದು. ಆನ್‌ಲೈನಿನಲ್ಲಿ ಅದು ಉಲ್ಬಣಿಸಿತು, ಯಾಕೆಂದರೆ ಅಲ್ಲಿ ಆ ಟಿಪ್ಪಣಿಯೇ ಶಿಕ್ಷಕರು, ಅದನ್ನು ಬಿಟ್ಟರೆ ವಿದ್ಯಾರ್ಥಿಗೆ ಅವರ ಮುಖವೂ ಇಲ್ಲ, ದನಿಯೂ ಇಲ್ಲ.

ಲೆಕ್ಕ ಹಾಕಿ ನೋಡಿದರೆ ಕಾರಣ ಬಿಚ್ಚಿಕೊಳ್ಳುತ್ತದೆ. 25 ವಿದ್ಯಾರ್ಥಿಗಳ ಐದು ಸೆಕ್ಷನ್ ಹೊತ್ತ ಅರೆಕಾಲಿಕ ಅಧ್ಯಾಪಕಿಯ ಬಳಿ 125 ಮಂದಿ ಇರುತ್ತಾರೆ. ನಾಲ್ಕು ಪ್ರಬಂಧ, ಪ್ರತಿಯೊಂದಕ್ಕೂ ಒಂದು ಕರಡು, ಒಂದು ಅಂತಿಮ ಪ್ರತಿ: ಒಟ್ಟು ಒಂದು ಸಾವಿರ ಬರಹ. ಒಂದಕ್ಕೆ 20 ನಿಮಿಷ ಕೊಟ್ಟರೆ ಸುಮಾರು 333 ಗಂಟೆ. 16 ವಾರದಲ್ಲಿ ಹಂಚಿದರೆ ವಾರಕ್ಕೆ 20 ಗಂಟೆಗೂ ಹೆಚ್ಚು ಬರೀ ಓದುವ ಕೆಲಸ. ಆನ್‌ಲೈನಿನಲ್ಲಿ ಜನಪ್ರಿಯವಾಗಿರುವ ಎಂಟು ವಾರದ ಕೋರ್ಸಿನಲ್ಲಾದರೆ ವಾರಕ್ಕೆ 40 ಗಂಟೆ ದಾಟುತ್ತದೆ. ‘ಇನ್ನಷ್ಟು ವಿವರಿಸಿ’ ಎಂಬ ಟಿಪ್ಪಣಿ ಹುಟ್ಟುವುದು ಇಲ್ಲಿ. ಈ ವಿಷಯ ಕಲಿಸುವವರ ರಾಷ್ಟ್ರೀಯ ಸಂಘಟನೆಯಾದ ಕಾನ್ಫರೆನ್ಸ್ ಆನ್ ಕಾಲೇಜ್ ಕಾಂಪೊಸಿಷನ್ ಅಂಡ್ ಕಮ್ಯುನಿಕೇಷನ್ 2013ರ ತನ್ನ ಹೇಳಿಕೆಯಲ್ಲಿ ಆನ್‌ಲೈನ್ ಬರವಣಿಗೆ ತರಗತಿಯಲ್ಲಿ 20ಕ್ಕಿಂತ ಹೆಚ್ಚು ಮಂದಿ ಇರಕೂಡದು, 15 ಇದ್ದರೆ ಒಳ್ಳೆಯದು ಎಂದಿತು. ತರಗತಿಯನ್ನು ಅಗ್ಗವಾಗಿ ಹಿಗ್ಗಿಸಬಹುದು ಎಂಬ ಆಸೆಯಿಂದ ಆನ್‌ಲೈನಿಗೆ ಹೋದ ಆಡಳಿತಗಳಿಗೆ ಈ ಸಲಹೆ ರುಚಿಸುವಂಥದ್ದಲ್ಲ.

ಬೆಲೆ ತೆರುವವರು ಯಾರು ಎಂಬುದಕ್ಕೂ ಉತ್ತರ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆಗ ಸಂಶೋಧಕರಾಗಿದ್ದ ಡಿ ಶೂ ಮತ್ತು ಶಾನಾ ಜಾಗರ್ಸ್ ವಾಷಿಂಗ್ಟನ್ ರಾಜ್ಯದ ಕಮ್ಯೂನಿಟಿ ಮತ್ತು ತಾಂತ್ರಿಕ ಕಾಲೇಜುಗಳ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆನ್‌ಲೈನಿಗೆ ಬಂದಾಗ ಎಲ್ಲರ ಸಾಧನೆಯೂ ಒಂದಿಷ್ಟು ಕುಸಿಯುತ್ತದೆ. ಗಂಡುಹುಡುಗರು, ಕಿರಿಯರು, ಕಪ್ಪು ವಿದ್ಯಾರ್ಥಿಗಳು, ಮೊದಲೇ ಕಡಿಮೆ ಅಂಕದವರು ಹೆಚ್ಚು ಕುಸಿಯುತ್ತಾರೆ. ವಿಷಯಗಳ ಪೈಕಿ ಅಂತರ ದೊಡ್ಡದಾಗಿ ಕಂಡದ್ದು ಸಮಾಜ ವಿಜ್ಞಾನ ಮತ್ತು ಇಂಗ್ಲಿಷ್‌ನಲ್ಲಿ. ಆಸರೆ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಈ ಕೋರ್ಸ್ ಒಂಟಿಯಾಗಿ ಬಿಡುತ್ತಿದೆ. ಇದು ಸಣ್ಣ ದೋಷವಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಓದುವವರ ಕೊರತೆಗೆ, ಬರೆದದ್ದು ವಿದ್ಯಾರ್ಥಿಯೋ ಯಂತ್ರವೋ ಎಂಬ ಅನುಮಾನವೂ ಸೇರಿಕೊಂಡಿತು. 2023ರ ಏಪ್ರಿಲಿನಲ್ಲಿ ಟರ್ನಿಟಿನ್ ಕಂಪನಿ ಎಐ ಬರಹ ಪತ್ತೆಹಚ್ಚುವ ಸಾಧನ ಬಿಡುಗಡೆ ಮಾಡಿತು. ಅದೇ ವರ್ಷದ ಆಗಸ್ಟಿನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದನ್ನು ನಂಬಲಾಗದು ಎಂದು ಅದರ ಬಳಕೆ ನಿಲ್ಲಿಸಿತು. ಸ್ಟ್ಯಾನ್‌ಫರ್ಡ್ ಸಂಶೋಧಕರು ಅದೇ ವರ್ಷ ಇಂಥ ಏಳು ಸಾಧನಗಳಿಗೆ, ಇಂಗ್ಲಿಷ್ ಮನೆಮಾತಲ್ಲದವರು ಬರೆಯುವ ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ್ದು ಎಂದವು. ಇಂಥವರು ಗೊತ್ತಿರುವ ಪದ, ಸರಳ ವಾಕ್ಯಗಳಲ್ಲಿ ಎಚ್ಚರದಿಂದ ಬರೆಯುತ್ತಾರೆ. ಆ ಎಚ್ಚರವೇ ಯಂತ್ರದ ಕಣ್ಣಿಗೆ ಕಳ್ಳತನದಂತೆ ಕಂಡಿತು. ಹಾಸನದ ಕನ್ನಡ ಮಾಧ್ಯಮದಿಂದ ಹೋಗಿ ಓಹಾಯೊದಲ್ಲಿ ಕೂತು ಬರೆಯುವ ಹುಡುಗನಿಗೆ ಇದು ಕ್ರೂರ ಅನ್ಯಾಯ. ಅವನ ಮೊದಲ ಕರಡನ್ನು ಓದಿದ್ದ, ಎರಡನೆಯದು ಹೇಗೆ ಬದಲಾಯಿತೆಂದು ಕಂಡಿದ್ದ ಶಿಕ್ಷಕರಿಗೆ ಇಂಥ ಸಾಧನದ ಅಗತ್ಯವೇ ಬೀಳುವುದಿಲ್ಲ.

ಒಳ್ಳೆಯ ಆನ್‌ಲೈನ್ ಸೆಕ್ಷನ್‌ಗಳು ಇಲ್ಲದಿಲ್ಲ. ಅಲ್ಲಿ ಶಿಕ್ಷಕರು ಕರಡಿನ ಮೇಲೆ ಐದು ನಿಮಿಷದ ಧ್ವನಿ ಟಿಪ್ಪಣಿ ಕಳಿಸುತ್ತಾರೆ, ಸೆಮಿಸ್ಟರಿನಲ್ಲಿ ಎರಡು ಸಲವಾದರೂ ಪ್ರತಿಯೊಬ್ಬರ ಜೊತೆ ಜೂಮ್‌ನಲ್ಲಿ ಕೂತು ಪ್ರಬಂಧ ಓದುತ್ತಾರೆ, ಅಂಕದ ಗಣನೀಯ ಪಾಲನ್ನು ಮರುಬರಹಕ್ಕೆ ಇಡುತ್ತಾರೆ. ಎಂಟು ವಾರಕ್ಕೆ ಕುಗ್ಗಿಸಿದ ಕೋರ್ಸಿನಲ್ಲಿ ಇದಕ್ಕೆ ಜಾಗವಿಲ್ಲ. ಕಾಲೇಜಿಗೆ ಆಗತಾನೇ ಕಾಲಿಟ್ಟವರಿಗೆ ಅಂಥ ಕೋರ್ಸನ್ನು ಕೊಡಲೇಬಾರದು. ಸೇರುವ ಮುಂಚೆ ಸಿಲಬಸ್ ತರಿಸಿ ನೋಡುವವರು ಶುಲ್ಕ, ವೇಳಾಪಟ್ಟಿಗಳ ಜೊತೆಗೆ ಇನ್ನೆರಡು ಸಂಗತಿ ಕೇಳಲಿ: ಸೆಕ್ಷನ್‌ನಲ್ಲಿ ಎಷ್ಟು ಜನ, ಮತ್ತು ಅಂಕ ಬೀಳುವ ಮುಂಚೆ ಶಿಕ್ಷಕರು ಎಷ್ಟು ಕರಡು ಓದುತ್ತಾರೆ. ಎರಡನೆಯದಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಬೇರೆ ಸೆಕ್ಷನ್ ಹುಡುಕುವುದು ಲೇಸು.