ಮೋಡಕ್ಕೆ ತಿಳಿಯದ ಮಾತು

ನಾಟಕ ನೋಡಿ ಬಂದವರು ವಿಮರ್ಶೆ ಬರೆಯುತ್ತಾರೆ. ಕಛೇರಿ ಕೇಳಿ ಬಂದವರು ಬರೆಯುತ್ತಾರೆ. ಹೊಸ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದವರೂ ಈಗೀಗ ಬರೆಯುತ್ತಾರೆ. ಆದರೆ ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗಿ ಬಂದವರು ಮಾತ್ರ ಯಾಕೋ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಮಂತ್ರಿಗಳು ದೀಪ ಬೆಳಗಿದ ಚಿತ್ರ ಬರುತ್ತದೆ, ಇಷ್ಟು ಸಾವಿರ ಕೋಟಿ ಬಂಡವಾಳ ಎಂಬ ತಲೆಬರಹ ಬರುತ್ತದೆ. ಅಲ್ಲಿ ಆಡಿದ ಮಾತು ಹೇಗಿತ್ತು, ಕೇಳಿದವರಿಗೆ ಏನು ದಕ್ಕಿತು ಎಂಬುದು ಬರುವುದಿಲ್ಲ. ನಮ್ಮ ಊರಿನಲ್ಲಿ ಇಂಥ ಮೇಳಗಳಿಗೇನು ಬರಗಾಲವೇ? 1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಂ’ ಎಂಬ ಹೆಸರಿನಲ್ಲಿ ಶುರುವಾದ ಸರ್ಕಾರದ ಮೇಳ ‘ಬೆಂಗಳೂರು ಟೆಕ್ ಸಮಿಟ್’ ಆಗಿ, 2025ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರದ ತನಕ ಬಂದಿತು. ಅದಲ್ಲದೆ ಕಂಪನಿಗಳು ತಾವು ತಾವೇ ನಡೆಸಿಕೊಳ್ಳುವ ಮೇಳಗಳಿಗೆ ಲೆಕ್ಕವಿಲ್ಲ. ನಾನು ಹೋದದ್ದು ಅಂಥದೊಂದಕ್ಕೆ. ಹೆಸರು ಬೇಡ. ಮಧ್ಯಾಹ್ನ ಹೋಳಿಗೆ ಊಟ ಹಾಕಿದವರನ್ನು ಹೆಸರು ಹಿಡಿದು ಆಡಿಕೊಳ್ಳುವುದು ನಮ್ಮ ಪದ್ಧತಿಯಲ್ಲ.

ಕನ್ನಡದ ಟೀಚರಿಗೆ ಅಲ್ಲೇನು ಕೆಲಸ ಎಂದರೆ, ತಂಗಿಯ ಮಗ ಕರೆದಿದ್ದ. “ದೊಡ್ಡಮ್ಮ, ಈ ಸಲ ಭಾಷೆಗಳ ಬಗ್ಗೆಯೇ ಒಂದು ಗೋಷ್ಠಿ ಇದೆ. ನೀವು ಬಂದು ಕೇಳಲೇಬೇಕು,” ಎಂದ. ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ವೈಟ್‌ಫೀಲ್ಡಿನವರೆಗೂ ಒಂದೇ ರೈಲು. 2023ರ ಅಕ್ಟೋಬರಿನಿಂದ ಆ ಅನುಕೂಲವಾಗಿದೆ. ಹತ್ತುವಾಗ ಡಬ್ಬಿಯೊಳಗೆಲ್ಲ ಕನ್ನಡ. ಮೆಜೆಸ್ಟಿಕ್ಕಿನಲ್ಲಿ ನಾಲ್ಕು ಭಾಷೆ ಬಂದು ಸೇರಿಕೊಂಡವು. ಬೈಯಪ್ಪನಹಳ್ಳಿ ದಾಟಿದ ಮೇಲೆ ಕನ್ನಡ ಮಾತಾಡುತ್ತಿದ್ದುದು ನಿಲ್ದಾಣದ ಹೆಸರು ಹೇಳುವ ಧ್ವನಿ ಒಂದೇ!

ಮೊದಲ ಗೋಷ್ಠಿ ‘ಕ್ಲೌಡ್ ಡೇಟಾಬೇಸ್’ ಕುರಿತದ್ದು. ಕ್ಲೌಡ್ ಎಂದರೆ ಮೋಡ. ವೇದಿಕೆಯ ಹಿಂದಿನ ಪರದೆಯ ಮೇಲೂ ಬಿಳಿ ಬಿಳಿ ಮೋಡಗಳು ತೇಲುತ್ತಿದ್ದವು. ಹೆಸರಿಟ್ಟವರು ಜಾಣರು. ಮೋಡವೆಂದರೆ ಯಾರದ್ದೂ ಅಲ್ಲ, ಎಲ್ಲರ ತಲೆಯ ಮೇಲೂ ಇದೆ, ತೂಕವಿಲ್ಲ, ಬಾಡಿಗೆಯಿಲ್ಲ ಎಂಬ ಭಾವ ಬರುತ್ತದೆ. ನಿಜ ಸಂಗತಿ ಬೇರೆ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಗೋದಾಮಿನಂಥ ಕಟ್ಟಡಗಳಲ್ಲಿ ಸಾಲು ಸಾಲಾಗಿ ಜೋಡಿಸಿದ ಯಂತ್ರಗಳು, ಅವು ಕಾಯದಂತೆ ಹಗಲಿರುಳೂ ತಂಪು ಮಾಡುವ ಏರ್ಪಾಡು, ಅದಕ್ಕೆ ಬೇಕಾದ ವಿದ್ಯುತ್ತು. ಅಮೆಜಾನ್ ಕಂಪನಿ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಇಂಥ ನೆಲೆಗಳನ್ನು ತೆರೆಯಿತು. ನಮ್ಮ ಶಾಲೆಯ ಹಾಜರಿಯೋ, ಮನೆಯ ಮದುವೆಯ ಫೋಟೋಗಳೋ ಅಂಥ ಕಡೆ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಇರುತ್ತವೆ. ಸ್ವಂತ ಮನೆ ಕಟ್ಟುವ ತಾಪತ್ರಯವಿಲ್ಲ, ನೆಂಟರು ಹೆಚ್ಚಾದರೆ ಅದೇ ಗಳಿಗೆಗೆ ಇನ್ನೊಂದು ಕೋಣೆ ಸಿಗುತ್ತದೆ, ಅವರು ಹೋದ ಮೇಲೆ ಬಿಟ್ಟುಕೊಡಬಹುದು. ಅನುಕೂಲ ದೊಡ್ಡದೇ. ಆದರೆ ಬಾಡಿಗೆ ಮನೆಯನ್ನು ಬಾಡಿಗೆ ಮನೆ ಎಂದೇ ಕರೆಯಬೇಕಲ್ಲವೇ? ಇಷ್ಟನ್ನು ಹೇಳುವುದಕ್ಕೆ ಭಾಷಣಕಾರರು ಐವತ್ತು ನಿಮಿಷ ತೆಗೆದುಕೊಂಡರು, ಹೇಳಲೂ ಇಲ್ಲ.

ಎರಡನೆಯ ಗೋಷ್ಠಿಯಲ್ಲಿ ಮಾತಾಡಿದವಳು ಒಬ್ಬ ಹುಡುಗಿ. ಅವಳ ಅರ್ಧ ಗಂಟೆಗಾಗಿ ಮಿಕ್ಕ ಇಡೀ ದಿನವನ್ನು ಕ್ಷಮಿಸಬಹುದು. ಯಂತ್ರ ಮಾತನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ಅವಳು ತೀರ ಸರಳವಾಗಿ ಹೇಳಿದಳು. ಒಂದೊಂದು ಪದಕ್ಕೂ ಒಂದು ಅಂಕಿಗಳ ಸಾಲು. ಆ ಸಾಲೇ ಅದರ ವಿಳಾಸ. ಕೋಟ್ಯಂತರ ವಾಕ್ಯಗಳನ್ನು ಓದಿಸಿದಾಗ, ಯಾವ ಪದ ಯಾವುದರ ಜತೆ ಓಡಾಡುತ್ತದೆ ಎಂಬುದನ್ನು ನೋಡಿ ಯಂತ್ರ ಅವುಗಳನ್ನು ಹತ್ತಿರ ಹತ್ತಿರ ಕೂರಿಸುತ್ತದೆ. ಅಕ್ಕಿಯ ಪಕ್ಕದಲ್ಲಿ ಬೇಳೆ, ಅನ್ನದ ಪಕ್ಕದಲ್ಲಿ ಸಾರು. ನಮ್ಮ ಹಳೆಯ ವಠಾರಗಳ ಹಾಗೆ! ಹೊಸ ಬಗೆಯ ಡೇಟಾಬೇಸುಗಳು ಹುಡುಕುವುದು ಅಕ್ಷರವನ್ನಲ್ಲ, ಈ ನೆರೆಹೊರೆಯನ್ನು. ಪದದ ಅರ್ಥ ಅದರ ಸಹವಾಸದಿಂದ ತಿಳಿಯುತ್ತದೆ ಎಂಬ ಅರ್ಥದ ಮಾತನ್ನು ಫರ್ತ್ ಎಂಬ ಭಾಷಾಶಾಸ್ತ್ರಜ್ಞರು 1957ರಷ್ಟು ಹಿಂದೆಯೇ ಹೇಳಿದ್ದರಂತೆ. ನಮ್ಮಲ್ಲಿ ಮನುಷ್ಯರ ವಿಷಯದಲ್ಲಿ ಇದನ್ನು ಅಜ್ಜಿಯರೆಲ್ಲ ಹೇಳುತ್ತಾರೆ.

ಆ ಹುಡುಗಿಯೇ ಇನ್ನೊಂದು ಲೆಕ್ಕ ಕೊಟ್ಟಳು. ‘ಅಮ್ಮ’ ಎಂದು ಮಗು ಬರೆದರೆ ನಾವು ಎಣಿಸುವುದು ಎರಡಕ್ಷರ. ಯಂತ್ರಕ್ಕೆ ಅದು ನಾಲ್ಕು: ಅಕಾರ, ಮಕಾರ, ಒತ್ತು ಕೊಡುವ ಗುರುತು, ಮತ್ತೊಂದು ಮಕಾರ. ಒಂದೊಂದಕ್ಕೂ ಮೂರು ಬೈಟುಗಳಂತೆ ಹನ್ನೆರಡು ಬೈಟು. ಅದೇ ‘ಅಮ್ಮ’ನನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ನಾಲ್ಕು ಬೈಟಿಗೆ ಮುಗಿಯಿತು. ಇನ್ನು ಕೃತಕ ಬುದ್ಧಿಯ ಯಂತ್ರಗಳು ಪಠ್ಯವನ್ನು ತುಣುಕು ಮಾಡಿ ಓದುತ್ತವೆ, ತುಣುಕಿನ ಲೆಕ್ಕದಲ್ಲೇ ಹಣ ವಸೂಲಿ. 2024ರ ಮೇ ತಿಂಗಳಿನಲ್ಲಿ ಓಪನ್ ಎಐ ಕಂಪನಿ ‘ಜಿಪಿಟಿ-4ಓ’ ಹೊರತರುವಾಗ ಇಪ್ಪತ್ತು ಭಾಷೆಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಒಂದು ಸಣ್ಣ ಮಾತಿಗೆ ತೆಲುಗಿನಲ್ಲಿ ಮೊದಲು 159 ತುಣುಕು ಬೇಕಾಗುತ್ತಿತ್ತು, ಈಗ 45 ಸಾಕು ಎಂದು ಅದರಲ್ಲಿತ್ತು. ಇಂಗ್ಲಿಷಿಗೆ 27 ಇದ್ದದ್ದು 24. ಗುಜರಾತಿ, ತೆಲುಗು, ತಮಿಳು, ಮರಾಠಿ, ಹಿಂದಿ, ಉರ್ದು ಆರೂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ಕನ್ನಡ ಯಂತ್ರದ ಕೈಗೆ ಸಿಕ್ಕಿ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅಲ್ಲಿನ ಯಂತ್ರ ಅದನ್ನು ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ನಿಧನರಾದರೆಂದು ಬರೆದುಬಿಟ್ಟಿತು! ಮುಖ್ಯಮಂತ್ರಿಗಳು ಆಕ್ಷೇಪಿಸಿದರು, ಮೆಟಾ ಕಂಪನಿ ಕ್ಷಮೆ ಕೇಳಿ ಸರಿಪಡಿಸಿದ್ದೇವೆ ಎಂದಿತು. ಎಲ್ಲರೂ ಇದನ್ನು ತಮಾಷೆಯಾಗಿ ನೋಡಿದರು. ನಾನು ಎಂಟನೆಯ ತರಗತಿಯ ವ್ಯಾಕರಣವಾಗಿ ನೋಡಿದೆ. ‘ಅಜ್ಜಿ ನಿನ್ನೆ ತೀರಿಕೊಂಡ ಪಕ್ಕದ ಮನೆಯ ಯಜಮಾನರನ್ನು ನೋಡಿ ಬಂದರು’ ಎಂಬ ವಾಕ್ಯ ತೆಗೆದುಕೊಳ್ಳಿ. ಇಲ್ಲಿ ‘ತೀರಿಕೊಂಡ’ ಎಂಬ ಕೃದಂತ ಮುಂದಿನ ನಾಮಪದಕ್ಕೆ ಹೋಗಿ ಸೇರಬೇಕು. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯೆ ಬರುತ್ತದೆ, ಆ ಅಭ್ಯಾಸವಾದವರು ಅದನ್ನು ಅಜ್ಜಿಗೆ ಅಂಟಿಸಿಬಿಡುತ್ತಾರೆ. ಎಂಟನೆಯ ತರಗತಿಯ ಯಾವ ಮಗುವೂ ಈ ವಾಕ್ಯ ಓದಿ ಅಜ್ಜಿಯನ್ನು ಕೊಲ್ಲುವುದಿಲ್ಲ.

ಗೋಷ್ಠಿಯಲ್ಲಿ ಈ ಪ್ರಸಂಗದ ಮಾತು ಬಂತು. ಒಬ್ಬ ದೊಡ್ಡ ಅಧಿಕಾರಿ, “ಡೇಟಾ ಹೆಚ್ಚಾದ ಹಾಗೆ ಇದೆಲ್ಲ ಸರಿಹೋಗುತ್ತದೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರು. ಡೇಟಾ ಎಂದರೆ ಅವರ ಬಾಯಲ್ಲಿ ಬೋರ್‌ವೆಲ್ಲಿನ ನೀರು. ಇನ್ನೂ ಇನ್ನೂರು ಅಡಿ ಕೊರೆದರೆ ಸಿಕ್ಕೇ ಸಿಗುತ್ತದೆ.

ಊಟದ ನಂತರ ಮಳಿಗೆಗಳನ್ನು ನೋಡುತ್ತ ಹೋದೆ. ಒಂದು ಮಳಿಗೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಮಾಡಿದ ಆರೋಗ್ಯದ ಆ್ಯಪ್. ಕನ್ನಡದಲ್ಲೇ ಕೇಳಬಹುದು, ಕನ್ನಡದಲ್ಲೇ ಉತ್ತರ. ಅಲ್ಲಿದ್ದ ಹುಡುಗನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. “ಏನಾದರೂ ಕೇಳಿ ಆಂಟಿ, ಯಾವ ಕಾಯಿಲೆ ಬಗ್ಗೆ ಬೇಕಾದರೂ ಕೇಳಿ,” ಎಂದು ಫೋನು ಕೈಗಿತ್ತ. ನಾನು ನಮ್ಮ ಕಡೆಯ ಹೆಂಗಸೊಬ್ಬಳು ಹೇಗೆ ಹೇಳುತ್ತಾಳೋ ಹಾಗೇ ಬರೆದೆ: ‘ಎರಡು ತಿಂಗಳಿಂದ ಹೊರಗಾಗಿಲ್ಲ. ಏನು ಮಾಡಲಿ?’

ಉತ್ತರ ಕ್ಷಣದಲ್ಲಿ ಬಂತು. ಬಹಳ ಸಭ್ಯ ಕನ್ನಡ. ಬಹಳ ದಿನ ಮನೆಯೊಳಗೇ ಇರುವುದು ಮನಸ್ಸಿಗೂ ದೇಹಕ್ಕೂ ಒಳ್ಳೆಯದಲ್ಲ, ದಿನವೂ ಅರ್ಧ ಗಂಟೆ ಹೊರಗೆ ನಡೆಯಿರಿ, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಗೆಳತಿಯರೊಡನೆ ಮಾತಾಡಿ ಎಂದು ಐದು ಸಲಹೆ.

ಓದುತ್ತಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಹುಡುಗನಿಗೆ ಹೇಳಬೇಕಾಯಿತು. ಅವನ ಅಮ್ಮನ ವಯಸ್ಸಿನ ನಾನು ಧ್ವನಿ ತಗ್ಗಿಸದೆ ಹೇಳಿದೆ. ಅವನ ಮುಖ ಕೆಂಪಾಯಿತು. ಆಮೇಲೆ, “ಈ ಅರ್ಥಕ್ಕೆ ನಮ್ಮಲ್ಲಿ ಡೇಟಾ ಇಲ್ಲ ಆಂಟಿ,” ಎಂದ.

ಅವನು ಹೇಳಿದ್ದು ನಿಜ. ಯಂತ್ರ ಓದಿರುವುದು ಅಚ್ಚಾದದ್ದನ್ನು. ಅಚ್ಚಿನಲ್ಲಿ ‘ಹೊರಗೆ’ ಎಂಬ ಮಾತಿನ ನೆರೆಹೊರೆ ಎಂದರೆ ಬಾಗಿಲು, ಅಂಗಳ, ರಸ್ತೆ. ನಮ್ಮ ಅಡುಗೆಮನೆಗಳಲ್ಲಿ ಅದರ ನೆರೆಹೊರೆ ಬೇರೆ: ಕ್ಯಾಲೆಂಡರು, ಸೊಂಟನೋವು, ಮದುವೆಯ ಮುಹೂರ್ತದ ಗಾಬರಿ. ಈ ಮಾತುಗಳನ್ನು ನಾವು ಬರೆದವರಲ್ಲ. ಕಾಗೆ ಮುಟ್ಟಿತು ಎಂದೆವು, ದೂರ ಎಂದೆವು, ಮೂರು ದಿನ ಕೂತಿದ್ದೆ ಎಂದೆವು, ಅದೂ ಪಿಸುಮಾತಿನಲ್ಲಿ, ಗಂಡಸರು ಕೋಣೆಯಲ್ಲಿಲ್ಲದಾಗ. ಡಾಕ್ಟರ ಮುಂದೆ ಕೂತಾಗಲೂ ‘ಅದು’ ಎಂದೆವು. ನಿಘಂಟು ಬಿಡಿಸಿದರೆ ಇಂಥ ಕೆಲವು ಮಾತು ಸಿಕ್ಕಬಹುದು. ಆದರೆ ಯಂತ್ರ ಕಲಿಯುವುದು ನಿಘಂಟಿನ ಒಂದು ಸಾಲಿನಿಂದಲ್ಲ, ಸಾವಿರ ಸಲದ ಬಳಕೆಯಿಂದ. ಬರವಣಿಗೆಗೆ ಬಾರದ ಹೆಂಗಸರ ಕನ್ನಡ ಅದರ ಪಾಲಿಗೆ ಹುಟ್ಟಿಯೇ ಇಲ್ಲ. ಅಧಿಕಾರಿಗಳು ಹೇಳಿದ ಹಾಗೆ ಇನ್ನಷ್ಟು ವರ್ತಮಾನ ಪತ್ರಿಕೆ, ಇನ್ನಷ್ಟು ಸರ್ಕಾರಿ ಆದೇಶ ಓದಿಸಿದರೆ ಇದು ಸರಿಹೋಗುವುದಿಲ್ಲ. ಎರಡು ತಿಂಗಳು ನಿಂತವಳು ಬಸುರಿಯೋ, ರಕ್ತಹೀನತೆಯೋ, ಥೈರಾಯ್ಡೋ, ನನ್ನ ವಯಸ್ಸಿನ ಮುಟ್ಟು ನಿಲ್ಲುವ ಕಾಲವೋ ಎಂದು ಕೇಳಬೇಕಾದ ಕಡೆ ಬಿಸಿಲಿನಲ್ಲಿ ನಿಲ್ಲು ಎನ್ನುವ ಯಂತ್ರವನ್ನು ಹಳ್ಳಿಗೆ ಕಳಿಸುವುದಾದರೂ ಹೇಗೆ?

ಡೇಟಾ ತಾನಾಗಿ ಉಕ್ಕುವುದಿಲ್ಲ, ಅದನ್ನು ಯಾರೋ ಕೂತು ಕೊಡುತ್ತಾರೆ ಎಂಬ ಮಾತು ಇಡೀ ದಿನದಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನ್ನ ದೊಡ್ಡ ತಕರಾರು ಇದೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿಯುವ ಹೊತ್ತಿಗೆ ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥವರು ತಮ್ಮ ಆಯುಸ್ಸಿನ ದಶಕಗಳನ್ನು ಅದಕ್ಕೆ ಸುರಿದಿದ್ದರು. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಮೀರಿ ಪದಗಳು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆಯ ಸಂಗತಿ. 2023ರಲ್ಲಿ ಕರ್ನಾಟಕದ ಹಳ್ಳಿಗಳ ಜನ ಫೋನು ಹಿಡಿದು ಕನ್ನಡದ ವಾಕ್ಯಗಳನ್ನು ಓದಿದರು. ಕ್ಷಯರೋಗದ ಬಗ್ಗೆ ಉತ್ತರಿಸುವ ಯಂತ್ರಕ್ಕೆ ಕನ್ನಡ ಕಲಿಸುವುದಕ್ಕಾಗಿ. ಓದಿದವರಿಗೆ ಗಂಟೆಗೆ ಸುಮಾರು ಐದು ಡಾಲರಿನಂತೆ ಕೂಲಿ, ಆ ಧ್ವನಿ ಮತ್ತೆ ಮಾರಾಟವಾದರೆ ಅವರಿಗೂ ಪಾಲು ಎಂಬ ಏರ್ಪಾಡು. ಅಮೆರಿಕದ ‘ಟೈಮ್’ ಪತ್ರಿಕೆ ಇದನ್ನು ದೊಡ್ಡದಾಗಿ ಬರೆದಿತ್ತು. ಹೆಣ್ಣುಮಗಳೊಬ್ಬಳ ಮಾತಿಗೆ ಬೆಲೆ ಕಟ್ಟಿ, ಅದು ಅವಳದೇ ಸೊತ್ತು ಎಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಅವರು ಓದಿದ್ದು ಎದುರಿಗೆ ಇಟ್ಟ ವಾಕ್ಯಗಳನ್ನು. ವಾಕ್ಯ ಇನ್ನೊಬ್ಬರದು, ಧ್ವನಿ ಇವರದು. ನಿಮ್ಮ ಕಾಯಿಲೆಯನ್ನು ನಿಮ್ಮ ಮಾತಿನಲ್ಲೇ ಹೇಳಿ, ನಾವು ಬರೆದುಕೊಳ್ಳುತ್ತೇವೆ ಎಂದು ಕೂತು ಕೇಳುವ ಕೆಲಸ ಬೇರೆ. ಅದಕ್ಕೆ ಮೋಡ ಬೇಡ, ಚಾಪೆ ಬೇಕು.

ಇನ್ನು ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಪಿಸುಮಾತಿಗೆ ಒಂದು ಗುಣವಿತ್ತು, ಅದು ಕೋಣೆ ದಾಟುತ್ತಿರಲಿಲ್ಲ. ಸೊಸೆ ಬಸುರಿಯೆಂದು ಅತ್ತೆಗೆ ತಿಳಿಯುವ ಮುಂಚೆ ಮುಂಬಯಿಯ ಗೋದಾಮಿಗೆ ತಿಳಿಯುವ ಕಾಲ ಇದು. ನಮ್ಮ ದೇಶದಲ್ಲಿ ಖಾಸಗಿ ವಿವರಗಳ ರಕ್ಷಣೆಗೆ 2023ರಲ್ಲಿ ಕಾಯಿದೆ ಆಯಿತು, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ವಿವರ ಕೊಡುವವರ ಒಪ್ಪಿಗೆ ಕೇಳಬೇಕು, ಯಾವ ಕೆಲಸಕ್ಕೆಂದು ತಿಳಿಸಬೇಕು ಎನ್ನುತ್ತದೆ ಕಾಯಿದೆ. ಮಳಿಗೆಯ ಫೋನಿನಲ್ಲಿ ಒಪ್ಪಿಗೆಯ ಪುಟವೂ ಇತ್ತು. ಕನ್ನಡದ ಆ್ಯಪ್ಪಿಗೆ ಒಪ್ಪಿಗೆ ಇಂಗ್ಲಿಷಿನಲ್ಲಿ! ಇದನ್ನು ತೋರಿಸಿದಾಗ ಹುಡುಗ, “ಅದು ಲೀಗಲ್‌ನವರು ಮಾಡಿದ್ದು ಆಂಟಿ,” ಎಂದ.

ಹುಡುಗ ಒಳ್ಳೆಯವನು. ಒಂದು ಕಾಗದ ಕೊಟ್ಟು, “ಇಂಥ ಮಾತುಗಳು ಇನ್ನೂ ಇದ್ದರೆ ಬರೆದುಕೊಡ್ತೀರಾ?” ಎಂದ. ಅಲ್ಲೇ ಒಂಬತ್ತು ಬರೆದೆ. ಮಾರನೆಯ ವಾರ ಸ್ಟಾಫ್ ರೂಮಿನಲ್ಲಿ ವಿಷಯ ತೆಗೆದೆ. ಮಂಡ್ಯ, ಶಿವಮೊಗ್ಗ, ಧಾರವಾಡ, ಪುತ್ತೂರು ಕಡೆಯಿಂದ ಬಂದ ಟೀಚರುಗಳು ನಕ್ಕು ನಕ್ಕು, ಬಾಗಿಲು ಮುಂದಕ್ಕೆ ಮಾಡಿಕೊಂಡು, ತಮ್ಮ ತಮ್ಮ ಅಜ್ಜಿಯರ ಮಾತು ಹೇಳಿದರು. ಆಯಾ ಕೆಲಸ ಮಾಡುವ ಕೆಂಗೇರಿ ಕಡೆಯ ಹೆಂಗಸು ಹೇಳಿದ ಎರಡು ಮಾತು ನಾವು ಯಾರೂ ಕೇಳಿರಲಿಲ್ಲ. ಮುಟ್ಟು, ಬಸಿರು, ಬಿಳುಪು ಹೋಗುವುದು, ಗರ್ಭ ಜಾರುವುದು ಎಲ್ಲ ಸೇರಿ ಪಟ್ಟಿ ನಲವತ್ತಮೂರಕ್ಕೆ ಬಂದು ನಿಂತಿದೆ.

ಪಟ್ಟಿ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕಳಿಸುವ ಮುಂಚೆ ಆ ಹುಡುಗನ ಕಂಪನಿಗೆ ಕನ್ನಡದಲ್ಲೇ ಒಂದು ಪತ್ರ ಬರೆದು ಮೂರು ಪ್ರಶ್ನೆ ಕೇಳಿದ್ದೇನೆ. ಹೆಂಗಸೊಬ್ಬಳು ನಿಮ್ಮ ಯಂತ್ರಕ್ಕೆ ಹೇಳಿದ್ದನ್ನು ಇನ್ನಾರು ಓದುತ್ತಾರೆ? ಯಂತ್ರಕ್ಕೆ ಅರ್ಥವಾಗದಿದ್ದಾಗ ‘ನನಗೆ ತಿಳಿಯಲಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿ’ ಎಂದು ಹೇಳಲು ಅದಕ್ಕೆ ಕಲಿಸುತ್ತೀರಾ? ಈ ನಲವತ್ತಮೂರು ಮಾತಿಗೆ ನಮ್ಮ ಆಯಾಗೆ ಏನು ಕೊಡುತ್ತೀರಿ?