ಡಾಪ್ಲರನ ಪ್ರಬಂಧವೂ ಹೃದಯಪರೀಕ್ಷೆಯೂ

ಶಾಸ್ತ್ರಗ್ರಂಥಗಳ ಗುಣದೋಷಗಳನ್ನು ವಿವೇಚಿಸುವವರು ಗ್ರಂಥಕರ್ತನು ಪ್ರತಿಪಾದಿಸಿದ ತತ್ತ್ವವನ್ನೂ, ಅದಕ್ಕೆ ಅವನು ಕೊಟ್ಟ ಉದಾಹರಣೆಗಳನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕಾಗುವುದು. ಉದಾಹರಣೆಯು ತಪ್ಪಿತೆಂದು ತತ್ತ್ವವನ್ನು ತಳ್ಳುವುದು ಎಷ್ಟು ದೋಷವೋ, ತತ್ತ್ವವು ಸತ್ಯವೆಂದು ಅದರ ಪ್ರಯೋಗಗಳೆಲ್ಲವನ್ನೂ ಪರೀಕ್ಷಿಸದೆ ಒಪ್ಪುವುದೂ ಅಷ್ಟೇ ದೋಷವು. ಕ್ರಿಶ್ಚಿಯನ್ ಡಾಪ್ಲರನು 1842ನೆಯ ಇಸವಿ ಮೇ 25ರಂದು ಪ್ರಾಗ್ ನಗರದಲ್ಲಿ ಬೊಹೀಮಿಯದ ವಿಜ್ಞಾನ ಪರಿಷತ್ತಿನ ಮುಂದೆ ಓದಿದ, ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತ ಪ್ರಬಂಧವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಪ್ರಬಂಧದ ವಾದವು ಸರಳವಾದುದು. ಅಲೆಗಳಿಗೆ ಎದುರಾಗಿ ಸಾಗುವ ಹಡಗಿಗೆ, ನಿಂತ ಹಡಗಿಗಿಂತ ಹೆಚ್ಚು ಅಲೆಗಳು ಅದೇ ಕಾಲದಲ್ಲಿ ತಾಗುವುವು. ಧ್ವನಿಗೂ ಬೆಳಕಿಗೂ ಇದೇ ನಿಯಮವು ಸಲ್ಲುವುದು. ಇಲ್ಲಿಯವರೆಗೆ ವಾದವು ನಿರ್ದುಷ್ಟವಾದುದು. ಆದರೆ ನಕ್ಷತ್ರಗಳ ನಿಜವಾದ ಬಣ್ಣವು ಬಿಳಿಯೆಂದೂ, ಚಲನೆಯಿಂದಲೇ ಅವು ಕೆಂಪಾಗಿಯೋ ನೀಲಿಯಾಗಿಯೋ ತೋರುವುವೆಂದೂ ಅವನು ಮಾಡಿದ ಊಹೆಯು ನಿಲ್ಲಲಿಲ್ಲ. ನಕ್ಷತ್ರದ ಬಣ್ಣಕ್ಕೆ ಅದರ ಉಷ್ಣತೆಯೇ ಮುಖ್ಯ ಕಾರಣವು. ಡಚ್ ವಿದ್ವಾಂಸನಾದ ಬೈಸ್ ಬಾಲಟನು 1845ರಲ್ಲಿ ರೈಲಿನ ಮೇಲೆ ತುತ್ತೂರಿಗಾರರನ್ನು ಕೂರಿಸಿ ಓಡಿಸಿ, ಧ್ವನಿಯ ವಿಷಯದಲ್ಲಿ ತತ್ತ್ವವು ಸತ್ಯವೆಂದು ಒಪ್ಪಿ, ನಕ್ಷತ್ರಗಳ ವಿಷಯದಲ್ಲಿ ಊಹೆಯನ್ನು ನಿರಾಕರಿಸಿದನು. ವಿಮರ್ಶಕನ ಕರ್ತವ್ಯವೇನೆಂಬುದು ಈ ಒಂದು ನಡತೆಯಿಂದಲೇ ಸ್ಪಷ್ಟವಾಗುವುದು.

ಡಾಪ್ಲರನು ಕನಸಿನಲ್ಲಿಯೂ ನೆನೆಯದ ಸ್ಥಳದಲ್ಲಿ ಈ ತತ್ತ್ವವು ಮುಂದೆ ಫಲಿಸಿತು. 1950ರ ದಶಕದಲ್ಲಿ ಜಪಾನಿನ ಒಸಾಕದಲ್ಲಿ ಸತೋಮುರನು, ಕಿವಿಗೆ ನಿಲುಕದ ಅತಿಸೂಕ್ಷ್ಮ ಧ್ವನಿಯನ್ನು ಎದೆಯೊಳಕ್ಕೆ ಕಳುಹಿಸಿ, ಹೃದಯದ ಚಲನೆಯಿಂದ ಅದರ ಪ್ರತಿಧ್ವನಿಯಲ್ಲಾದ ಮಾರ್ಪಾಟನ್ನು ಗುರುತಿಸಿದನು. ಹರಿಯುವ ರಕ್ತಕಣಗಳಿಂದ ಮರಳುವ ಧ್ವನಿಯಿಂದ ರಕ್ತದ ವೇಗವನ್ನೂ ತಿಳಿಯಬಹುದಾಯಿತು. ನಾರ್ವೆ ದೇಶದ ಹಾಟ್ಲೆ ಮತ್ತು ಆಂಗೆಲ್ಸನ್ ಎಂಬವರು 1982ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿದ್ಯೆಯನ್ನು ವೈದ್ಯರ ಕೈಗೆ ತಂದಿತು. ಸೆಕೆಂಡಿಗೆ ಮೀಟರುಗಳಲ್ಲಿ ಅಳೆದ ವೇಗವನ್ನು ವರ್ಗಮಾಡಿ ನಾಲ್ಕರಿಂದ ಗುಣಿಸಿದರೆ, ಕವಾಟದ ಎರಡು ಕಡೆಗಳ ಒತ್ತಡದ ಅಂತರವು ದೊರೆಯುವುದು. ವೇಗವು 4 ಆದರೆ ಅಂತರವು 64 ಮಿಲಿಮೀಟರ್ ಪಾದರಸ. ಹಿಂದೆ ಹೃದಯದೊಳಕ್ಕೆ ನಳಿಕೆಯನ್ನು ತೂರಿಸಿ ತಿಳಿಯಬೇಕಾಗಿದ್ದುದನ್ನು ಈಗ ಬಹುಮಟ್ಟಿಗೆ ಎದೆಯ ಮೇಲಿನಿಂದಲೇ ತಿಳಿಯಬಹುದಾಗಿದೆ.

ಹೀಗಿದ್ದರೂ ಈ ಪ್ರಯೋಗವು ಪರೀಕ್ಷೆಗೆ ಅತೀತವಾದುದಲ್ಲ. ಯಂತ್ರವು ಅಳೆಯುವುದು ರಕ್ತದ ವೇಗವನ್ನು ಮಾತ್ರ, ಹೃದಯದ ಸ್ಥಿತಿಯನ್ನಲ್ಲ. ಮೊದಲನೆಯದು ವಾಚ್ಯ, ಎರಡನೆಯದು ಅದರಿಂದ ಊಹಿಸತಕ್ಕ ಅರ್ಥ. ಧ್ವನಿಕಿರಣವು ಪ್ರವಾಹದ ದಿಕ್ಕಿಗೆ 60 ಅಂಶ ಓರೆಯಾದರೆ, ಅಳತೆಯಲ್ಲಿ ನಿಜವಾದ ವೇಗದ ಅರ್ಧವೇ ಬರುವುದು. ಇದಕ್ಕಿಂತಲೂ ಗಹನವಾದ ಮೋಸವೊಂದುಂಟು. ಮಹಾಧಮನಿಯ ಕವಾಟವು ಬಹಳವಾಗಿ ಸಂಕುಚಿತವಾದಾಗ ವೇಗವು ಸಾಮಾನ್ಯವಾಗಿ 4ನ್ನು ಮುಟ್ಟುವುದು ಅಥವಾ ಮೀರುವುದು. ಆದರೆ ಹೃದಯವೇ ಬಳಲಿ ರಕ್ತವನ್ನು ಬಲವಾಗಿ ತಳ್ಳಲಾರದಿದ್ದರೆ, ಕವಾಟವು ಅಷ್ಟೇ ಕೆಟ್ಟಿದ್ದರೂ ವೇಗವು ಇಳಿಯುವುದು. ಅಂಕಿಯನ್ನೇ ನಂಬಿದವನಿಗೆ, ಹೆಚ್ಚು ಅಪಾಯದಲ್ಲಿರುವ ರೋಗಿಯು ಕಡಮೆ ಅಪಾಯದವನಾಗಿ ಕಾಣುವನು. ಕವಾಟವನ್ನು ಬದಲಿಸಬೇಕಾದವನು ಹಾಗೆಯೇ ಹಿಂದಿರುಗಬಹುದು. ಆದುದರಿಂದಲೇ ವಿವೇಕಿಗಳು ಕವಾಟದ ವಿಸ್ತೀರ್ಣವನ್ನು ಲೆಕ್ಕಹಾಕುವರು; ಬೇಕಾದಲ್ಲಿ ಹೃದಯಕ್ಕೆ ಬಲಕೊಡುವ ಔಷಧವನ್ನಿತ್ತು ಮತ್ತೊಮ್ಮೆ ಅಳೆಯುವರು.

ತೆರೆಯ ಮೇಲಿನ ಬಣ್ಣಗಳೂ ಇಂಥವೇ. ಸಮೀಪಿಸುವ ಬೆಳಕು ನೀಲಿಯ ಕಡೆಗೆ ಸರಿಯಬೇಕೆಂದು ಡಾಪ್ಲರನ ತತ್ತ್ವ; ಹೃದಯದ ಚಿತ್ರದಲ್ಲಿ ಯಂತ್ರದ ಕಡೆಗೆ ಬರುವ ರಕ್ತವನ್ನು ಕೆಂಪಾಗಿಯೂ ದೂರ ಸರಿಯುವುದನ್ನು ನೀಲಿಯಾಗಿಯೂ ತೋರಿಸುವುದು ವಾಡಿಕೆ. ಅದು ಕೇವಲ ಸಂಕೇತವು. ಶುದ್ಧಾಶುದ್ಧ ರಕ್ತಗಳ ಗುರುತೆಂದು ಭಾವಿಸುವವನು ನಕ್ಷತ್ರಗಳ ಬಣ್ಣವನ್ನು ಕಂಡು ಡಾಪ್ಲರನು ಬಿದ್ದ ತಪ್ಪಿಗೇ ಬೀಳುವನು.

ಡಾಪ್ಲರನ ಪ್ರಬಂಧವು ಉದಾಹರಣೆಯಲ್ಲಿ ಸೋತು ತತ್ತ್ವದಲ್ಲಿ ಗೆದ್ದಿತು. ಆ ತತ್ತ್ವವನ್ನು ಎದೆಯ ಮೇಲಿಟ್ಟು ನೋಡುವವರಿಗೆ ಬೈಸ್ ಬಾಲಟನ ಎಚ್ಚರವೂ ಅಷ್ಟೇ ಅವಶ್ಯಕವಾದುದು.